ತಕರಾರಿದ್ದರೆ ಕೇಳಬೇಕಾದವರು

ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ರಘೂತ್ತಮ ಒಂದು ಜಾಣತನ ಮಾಡಿದ. ಫಜೀತಿ ಶುರುವಾದದ್ದೇ ಅಲ್ಲಿಂದ.

ಸಿಮೆಂಟ್ ಮಾರುವ ಏಜೆಂಟರ ಕಂಪ್ಯೂಟರುಗಳು ಕಾರ್ಖಾನೆಯ ವೆಬ್‌ಸೈಟಿನಿಂದ ಲೋಡಿನ ವಿವರ ಪಡೆಯಲು ನಲವತ್ಮೂರು ಎಪಿಐ, ಅಂದರೆ ಪುಟ್ಟ ಪ್ರೋಗ್ರಾಮುಗಳಿದ್ದವು. ಒಂದೊಂದರ ಕೋಡಿನ ನೆತ್ತಿಯ ಮೇಲೂ ಒಂದು ಟಿಪ್ಪಣಿ. ಅದೇ ವೆಬ್ ಪುಟದಲ್ಲಿ ಏಜೆಂಟರಿಗೆ ಕೈಪಿಡಿಯಾಗಿ ಕಾಣುತ್ತಿತ್ತು. ಪ್ರತಿ ಟಿಪ್ಪಣಿಯಲ್ಲೂ ‘ತಕರಾರಿದ್ದರೆ ಕೇಳಬೇಕಾದವರು: ಕಾಶಪ್ಪ’ ಎಂದು ಅವನ ಮೊಬೈಲ್ ನಂಬರು. ನಲವತ್ಮೂರು ಕಡೆ ತಿದ್ದುವ ಗೋಜಿಗೆ ಯಾರೂ ಹೋಗಿರಲಿಲ್ಲ. ರಘೂತ್ತಮ ಅಲ್ಲೆಲ್ಲ ಒಂದು ಗುರುತು ಮಾತ್ರ ಇಟ್ಟು, ಹೆಸರು, ನಂಬರನ್ನು ಸೆಟ್ಟಿಂಗ್ಸ್ ಫೈಲಿನ ಒಂದೇ ಸಾಲಿಗೆ ತಂದ. ಅಲ್ಲಿ ಬದಲಿಸಿದರೆ ಎಲ್ಲ ಕಡೆ ಬದಲು.

ಅಂದು ನಾಲ್ಕಕ್ಕೆ ಗುಲ್ಬರ್ಗಾದಿಂದ ದೊಡ್ಡ ಸಾಹೇಬರು ಬರುವವರಿದ್ದರು. ಟೆಂಪರರಿ ಇದ್ದವರು ಇಬ್ಬರು: ರಘೂತ್ತಮ, ಮತ್ತು ರಜೆಯ ಮೇಲೆ ಚಿಂಚೋಳಿಗೆ ಹೋಗಿದ್ದ ಗುರುಲಿಂಗಪ್ಪ. ಸಾಹೇಬರು ಅಂದು ಕಾಯಂ ಮಾಡುವುದು ಒಬ್ಬನನ್ನೇ. ಐದು ವರ್ಷ ಕಾದಿದ್ದ ರಘೂತ್ತಮ ಬೆಳಗಿನ ಮಂಡಕ್ಕಿ ಸುಸಲಾ ಕೂಡ ತಿನ್ನದೆ ಬಂದಿದ್ದ.

ಹೆಸರು ಬದಲಿಸುವುದು ಸಲೀಸಾಯಿತೆಂಬ ಸುದ್ದಿ ತಿಳಿದು ಲೋಡಿಂಗ್ ವಿಭಾಗದ ಕಾಶಪ್ಪ ಓಡಿಬಂದ. “ತಮ್ಮಾ, ಮೊದಲ ನನ್ನ ಹೆಸರ ತೆಗಿ. ಜಳಕಕ್ಕ ಕುಂತ್ರೂ ಫೋನ್ ಬರ್ಲಿಕತ್ತಾವ!” ಎಂದು ತಾನೇ ಹೀರಾಬಾಯಿಯ ಹೆಸರು ಒತ್ತಿದ.

ಡಿಸ್ಪ್ಯಾಚ್ ವಿಭಾಗದ ಹೀರಾಬಾಯಿ ತಾಸಿನೊಳಗೆ ಹಾಜರು. “ನಾ ಏನ್ ಪಾಪ ಮಾಡೀನ್ರಿ? ಆರು ಮಂದಿ ಬೈದಾರ!” ಆಕೆ ಕಾಶಪ್ಪನನ್ನು ಮತ್ತೆ ಹಾಕಿದಳು, ಕಾಶಪ್ಪ ಆಕೆಯನ್ನು. ಕಾಯಂ ಮಂದಿಗೆ ಬೇಡವೆನ್ನಲು ರಘೂತ್ತಮನಿಗೆ ಬಾಯಿ ಬರಲಿಲ್ಲ. ಊಟದ ಹೊತ್ತಿಗೆ ಹೆಸರು ಏಳು ಸಲ ಬದಲಾಗಿತ್ತು. “ನಿಮ್ಮಲ್ಲಿ ತಾಸಿಗೊಮ್ಮೆ ವರ್ಗಾ ಆಗ್ತದೇನ್ರಿ?” ಎಂದು ಸೇಡಂನ ಏಜೆಂಟರೊಬ್ಬರು ಕೇಳಿಯೇಬಿಟ್ಟರು.

ಮೂರೂವರೆಗೆ ನೋಡಿದರೆ, ಇಬ್ಬರೂ ರಾಜಿಯಾಗಿ ‘ರಘೂತ್ತಮ’ ಎಂದು ಬರೆದಿದ್ದರು! ರಘೂತ್ತಮ ಕುರ್ಚಿಯಿಂದ ಎದ್ದೇಬಿಟ್ಟ. ತಕರಾರಿನ ಪಕ್ಕ ತನ್ನ ಹೆಸರು, ಅದೂ ನಲವತ್ಮೂರು ಸಲ. ಸಾಹೇಬರು ನೋಡಿದರೆ ನೌಕರಿಗೆ ಎಳ್ಳುನೀರೇ. ಗಾಬರಿಯಲ್ಲಿ ಗುರುಲಿಂಗಪ್ಪನ ಹೆಸರು ಒತ್ತಿ, ಫೈಲಿಗೆ ಪಾಸ್‌ವರ್ಡ್ ಹಾಕಿ ಬೆವರು ಒರೆಸಿಕೊಂಡ. ರಜೆಯ ಮೇಲಿದ್ದವನು ಜಗಳಕ್ಕಂತೂ ಬರುವುದಿಲ್ಲ.

ಸಾಹೇಬರು ಕೈಪಿಡಿಯನ್ನು ಪುಟಪುಟವಾಗಿ ನೋಡಿದರು. ಹುಬ್ಬು ಮೇಲೇರಿತು.

“ಈ ಗುರುಲಿಂಗಪ್ಪ ಯಾರ್ರಿ?”

“ಟೆಂಪರರಿ ಇದ್ದಾನ್ರಿ ಸರ್. ರಜಾದ ಮ್ಯಾಲೆ ಹೋಗ್ಯಾನ್ರಿ,” ಎಂದ ರಘೂತ್ತಮ, ಒಳಗೊಳಗೇ ಹಿಗ್ಗುತ್ತ.

“ಎಲ್ಲಾ ತಕರಾರು ಒಬ್ಬನೇ ಮೈಮ್ಯಾಲೆ ತಗೊಂಡಾನ! ಇಂಥವ್ನ ಬಿಡಬಾರದು. ಇವ್ನೇ ಕಾಯಂ.”

ರಘೂತ್ತಮ ಕೀಬೋರ್ಡಿನತ್ತ ಬಾಗಿದ. “ಸರ್, ಆ ಹೆಸರ... ಒಂದ ಮಿನಿಟಿನ್ಯಾಗ ಬದಲಿ ಮಾಡ್ಲಿಕ್ಕ ಬರ್ತದ್ರಿ...”

“ಹೌದೇನು? ಭಾಳ ಛಲೋ ಆತು,” ಆದೇಶಕ್ಕೆ ಸಹಿ ಹಾಕುತ್ತ ಸಾಹೇಬರು ಅಂದರು. “ಅವ ರಜಾ ಮುಗಿಸಿ ಬರೋತನಕ ನಿಮ್ಮ ಹೆಸರ ಹಾಕ್ರಿ.”