ಸಿಗಡಿಗೆಂದು ತಂದ ಪುಡಿ

ಕೆಲವರಿಗೆ ಚಿಂತೆ ಮಾಡಲು ಕಾರಣ ಬೇಕು. ನಾನು ಮೊದಲು ಚಿಂತೆ ಶುರುಮಾಡುತ್ತೇನೆ, ಕಾರಣ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಡೊಂಬಿವಲಿಯಲ್ಲಿ ಲೋಕಲ್ ಹತ್ತುವಾಗ ಠಾಣೆಯಲ್ಲಿ ಇಳಿಯಲಿಕ್ಕಾಗುತ್ತದೋ ಇಲ್ಲವೋ ಎಂಬ ಚಿಂತೆ. ಇಳಿದ ಮೇಲೆ, ಇಷ್ಟು ಸಲೀಸಾಗಿ ಇಳಿದೆನಲ್ಲ, ಬ್ಯಾಗು ಒಳಗೇ ಉಳಿಯಿತೇ ಎಂಬ ಚಿಂತೆ. ಇಂಥವನಿಗೆ ಸಿಕ್ಕಿದ ಉದ್ಯೋಗವೂ ಅಂಥದ್ದೇ. ಊರವರ ಸಿಗಡಿಗಳ ಆರೋಗ್ಯದ ಚಿಂತೆ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ನಮ್ಮದು ಠಾಣೆಯ ಮಾಜಿವಾಡಾದ ಒಂದು ಸಣ್ಣ ಕಂಪನಿ. ಹೊಂಡಗಳಲ್ಲಿ ಸಾಕುವ ಸಿಗಡಿಗೆ ಮೊದಲೆಲ್ಲ ಒಣಮೀನಿನ ಪುಡಿ ತಿನ್ನಿಸುತ್ತಿದ್ದರು. ಅದು ತುಟ್ಟಿಯಾಯಿತೆಂದು ಈಗ ಸೋಯಾ ಹಿಂಡಿ ಹಾಕುತ್ತಾರೆ. ಸಿಗಡಿ ಸಸ್ಯಾಹಾರಿಯಾಯಿತು, ಮನಸ್ಸಿನಿಂದ ಅಲ್ಲ. ಸೋಯಾ ಎಂದರೆ ಮುಖ ತಿರುಗಿಸುತ್ತದೆ, ತಿಂದರೂ ಬೆಳೆಯುವುದಿಲ್ಲ. ಬೆಳೆಯಲು ಅದಕ್ಕೆ ಕೊಲೆಸ್ಟರಾಲ್ ಬೇಕು. ನಮ್ಮ ಹಾಗೆ ತನ್ನ ಮೈಯಲ್ಲೇ ತಯಾರಿಸಿಕೊಳ್ಳಲು ಅದಕ್ಕೆ ಬಾರದು, ಸೋಯಾದಲ್ಲಿ ಅದು ಇಲ್ಲ. ಆದ್ದರಿಂದ ನಮ್ಮ ಪುಡಿ: ಬಾಯಿಗೆ ಬೊಂಡಾಸ್ ಮೀನಿನ ಘಮ, ಮೈಗೆ ಕೊಲೆಸ್ಟರಾಲ್. ಪನ್ವೇಲ್ ಕಡೆಯ ಹೊಂಡದವರಿಗೆ ಇದನ್ನು ಮಾರುವವನು ನಾನು.

ಸಿಗಡಿಗೆ ಇಲ್ಲದ್ದು ನನ್ನಲ್ಲಿ ಧಾರಾಳವಾಗಿದೆ ಎಂದು ಈಚೆಗೆ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಒಂದು ತಿಂಗಳು ಪಥ್ಯ ಮಾಡಿ, ಇಳಿಯದಿದ್ದರೆ ಹೃದಯದೊಳಗೆ ತಂತಿ ಬಿಟ್ಟು ನೋಡಬೇಕಾಗುತ್ತದೆ ಎಂದರು ಡಾಕ್ಟರು. ನನ್ನ ಅಪ್ಪ ಹೋದದ್ದು ಎದೆನೋವಿನಿಂದಲೇ. ಹಾಗಾಗಿ ಈ ಒಂದು ಚಿಂತೆಗೆ ಮಾತ್ರ ಕಾರಣ ಮೊದಲೇ ಬಂದು ಕೂತಿತ್ತು.

ನಮ್ಮ ಮನೆಮಾತು ತುಳು. ಹೆಂಡತಿ ಸುಗುಣಾ ಕನ್ನಡಕ್ಕೆ ತಿರುಗಿದಳೆಂದರೆ ಅದು ಆಜ್ಞೆ ಎಂದೇ ತಿಳಿಯಬೇಕು. "ಇನ್ನು ಮೀನಿಲ್ಲ, ಮೊಟ್ಟೆಯೂ ಇಲ್ಲ. ಸೋಯಾ ಉಂಟು, ಬೇಕಾದಷ್ಟು ತಿನ್ನಿ" ಎಂದಳು. ಸೋಯಾ ಉಂಡೆಯನ್ನು ಅಗಿಯುವಾಗ ಪಾತ್ರೆ ತಿಕ್ಕುವ ಸ್ಪಂಜಿನ ನೆನಪಾಗುತ್ತಿತ್ತು. ಅರ್ಧ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. "ಪಪ್ಪಾ ಕಿತ್ನೇ ಪತ್ಲೇ ಹೋ ಗಯೇ" ಎಂದು ನಾನು ಸೊರಗಿದ್ದರ ಬಗ್ಗೆ ಮಗಳು ತಾಯಿಗೆ ದೂರು ಕೊಟ್ಟಳು. ಅದಾಗಿ ಒಂದೆರಡು ದಿನಕ್ಕೆ ಸೋಯಾ ಗಸಿ ಇದ್ದಕ್ಕಿದ್ದಂತೆ ರುಚಿಯಾಯಿತು. ಥೇಟ್ ನನ್ನ ಅಮ್ಮ ಮಾಡುತ್ತಿದ್ದ ಸಿಗಡಿ ಗಸಿ. ಎರಡನೇ ಸಲ ಬಡಿಸಿಕೊಂಡೆ, ತಟ್ಟೆ ಬೆರಳಿನಿಂದ ಒರೆಸಿದೆ. ನಾಲಿಗೆಗೆ ಬುದ್ಧಿ ಬಂತೆಂದು ನಂಬಿ, ಆಫೀಸಿನಲ್ಲಿ ಸಸ್ಯಾಹಾರದ ಮಹಿಮೆಯ ಬಗ್ಗೆ ನಾಲ್ಕು ಜನರಿಗೆ ಉಪದೇಶವನ್ನೂ ಮಾಡಿದೆ.

ಮರುಪರೀಕ್ಷೆಯ ಹಿಂದಿನ ದಿನ ಭಾನುವಾರ. ನೀರು ಕುಡಿಯಲು ಅಡುಗೆಮನೆಗೆ ಹೋದರೆ ಮಸಾಲೆ ಡಬ್ಬಿಯ ಪಕ್ಕದಲ್ಲಿ ನಮ್ಮ ಕಂಪನಿಯ ಸ್ಯಾಂಪಲ್ ಪ್ಯಾಕೆಟ್ಟು, ಅದರೊಳಗೆ ಚಮಚ.

"ಇದು ಇಲ್ಲಿ ಎಂತಕ್ಕೆ?"

"ಗಸಿಗೆ. ಇಲ್ಲದಿದ್ರೆ ನೀವು ತಿಂತೀರಾ?"

"ಇದು ಸಿಗಡಿಗೆ ಹಾಕುದು ಮಾರಾಯ್ತಿ."

"ನೀವೇ ಅಲ್ವಾ ದಿನಾ ಫೋನಲ್ಲಿ ಹೇಳುದು? ಸೋಯಾ ಮುಟ್ಟದವರೂ ಇದನ್ನು ಹಾಕಿದ್ರೆ ಖಾಲಿ ಮಾಡ್ತಾರೆ, ಎಲ್ಲ ನ್ಯಾಚುರಲ್, ಮನೆಮಕ್ಕಳಿಗೂ ಕೊಡಬಹುದು ಅಂತ."

ಹೌದು, ಹೇಳಿದ್ದೆ. ಮಾರುವವನು ಏನೇನೋ ಹೇಳುತ್ತಾನೆ. ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಅಕ್ಷರಶಃ ನಂಬಿದ ಮೊದಲ ಗಿರಾಕಿ ನನ್ನ ಹೆಂಡತಿಯೇ ಆಗಬೇಕೇ.

ನಮ್ಮ ಲ್ಯಾಬಿನ ಬಿರಾದಾರನಿಗೆ ಫೋನು ಹಚ್ಚಿದೆ. ವಿಜಯಪುರದವನು, ಯಾವುದಕ್ಕೂ ಗಾಬರಿಯಾಗುವವನಲ್ಲ. "ಮನಷ್ಯಾರ ಮ್ಯಾಲ ಟ್ರಯಲ್ ಮಾಡಿಲ್ರಿ ಸರ. ಅಂಜಬ್ಯಾಡ್ರಿ, ಸಿಗಡಿ ಅಂತೂ ಒಂದೂ ಸತ್ತಿಲ್ಲ" ಎಂದ. ಕೊಲೆಸ್ಟರಾಲ್ ಎಷ್ಟಿದೆ ಎಂದು ಕೇಳಿದೆ. "ಅದೇ ಭಾಳ ಐತ್ರಿ. ಅದಕ್ಕ ಅಲ್ಲೇನ್ರಿ ನಾವು ರೊಕ್ಕ ತಗೊಳ್ಳೋದು?"

ಫೋನಿನ ಮಾತು ಸುಗುಣಾಳಿಗೂ ಕೇಳಿಸಿತ್ತು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. "ನಾನೇ ಕೈಯಾರೆ ಹಾಕಿ ಕೊಟ್ಟೆನಲ್ಲ" ಎಂದಾಗ ಅವಳ ದನಿ ಒಡೆಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯೇ ಮೈತುಂಬ ಇತ್ತು. ಅವಳು ಟಿಟ್ವಾಳಾದ ಗಣಪತಿಗೆ ಹರಕೆ ಹೊತ್ತಳು. ಮರುದಿನ ಬೆಳಿಗ್ಗೆ ಇಬ್ಬರೂ ಹೋಗಿ ರಕ್ತ ಕೊಟ್ಟು ಬಂದೆವು. ರಿಪೋರ್ಟು ಬರುವವರೆಗೆ ಅಪ್ಪನ ಮುಖ ಹಲವು ಸಲ ಕಣ್ಣೆದುರು ಬಂತು.

ಕೊಲೆಸ್ಟರಾಲ್ ಇಳಿದಿತ್ತು. ಸ್ವಲ್ಪವಲ್ಲ, ಡಾಕ್ಟರೇ ಎರಡು ಸಲ ನೋಡುವಷ್ಟು. "ತಂತಿಗಿಂತಿ ಬೇಡ. ಏನು ತಿನ್ನುತ್ತಿದ್ದೀರೋ ಅದನ್ನೇ ತಿನ್ನಿ" ಎಂದರು. ಸುಗುಣಾ ನನ್ನನ್ನು ನೆಟ್ಟಗೆ ಟಿಟ್ವಾಳಾಕ್ಕೆ ಕರೆದುಕೊಂಡು ಹೋದಳು. ಗಣಪತಿಯ ಎದುರು ನಾನೂ ಮನಸಾರೆ ಕೈಮುಗಿದೆ. ಬದುಕಿದೆ ಎನ್ನಿಸಿತು. ಕಣ್ಣು ಬಿಡುವಷ್ಟರಲ್ಲಿ ಮುಂದಿನ ಚಿಂತೆ ಬಂದಿತ್ತು. ದಿನಾ ಚಮಚಗಟ್ಟಲೆ ಕೊಲೆಸ್ಟರಾಲ್ ತಿಂದೂ ಇಳಿಯಿತು ಎಂದರೆ, ಆ ಪ್ಯಾಕೆಟ್ಟಿನಲ್ಲಿ ಇರುವುದಾದರೂ ಏನು?

ಆಗಲೇ ಫೋನು ಬಂತು. ಪನ್ವೇಲಿನ ಹೊಂಡದವನು. ಸಿಗಡಿಗಳು ಚೆನ್ನಾಗಿ ತಿನ್ನುತ್ತಿವೆಯಂತೆ, ಆದರೆ ಬೆಳೆಯುತ್ತಿಲ್ಲವಂತೆ. "ಸಾಬ್, ಇಸ್‌ಮೇ ಕೊಲೆಸ್ಟರಾಲ್ ಸಚ್‌ಮುಚ್ ಹೈ ಕ್ಯಾ?" ಎಂದು ಕೇಳಿದ. ಕೊಲೆಸ್ಟರಾಲ್ ನಿಜಕ್ಕೂ ಇದೆಯೇ ಎಂಬ ಅವನ ಪ್ರಶ್ನೆಗೆ ಉತ್ತರ ನನ್ನ ಅಂಗಿಯ ಜೇಬಿನಲ್ಲಿ ರಿಪೋರ್ಟಾಗಿ ಮಡಿಸಿಕೊಂಡು ಕೂತಿತ್ತು.

"ಹಲೋ, ಟ್ರೇನ್ ಸುರಂಗ್ ಮೇ ಹೈ, ಆವಾಜ್ ನಹೀ ಆ ರಹೀ" ಎಂದು ಕಟ್ ಮಾಡಿದೆ.

"ಸುರಂಗ ಎಲ್ಲುಂಟು ಮಾರಾಯ್ರೆ?" ಎಂದಳು ಸುಗುಣಾ. "ನೀವು ನಿಂತದ್ದು ಗಣಪತಿಯ ಎದುರು."

ಅದೇ ನನ್ನ ಈಗಿನ ಚಿಂತೆ.