ಕಾಕಾನ ಮೀನುಮರಿಗಳೂ ನೀರುಚಿಗಟಗಳೂ

ನಮ್ಮ ಕಾಕಾ ಜೀವಮಾನದಲ್ಲಿ ಮೀನು ತಿಂದವರಲ್ಲ; ಆದರೆ ಮೀನು ಏನು ತಿಂದಿದೆ ಎಂಬುದನ್ನು ಅವರಷ್ಟು ಬಲ್ಲವರು ಇಡೀ ರಾಯಚೂರಿನಲ್ಲಿ ಇನ್ನೊಬ್ಬರಿಲ್ಲ! ಹೀಗೆಂದು ಹೇಳಿದವರು ಯಾರು? ಕಾಕಾ ಅವರೇ!

ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಕಾಕಾನಿಗೆ ಮಾನ್ವಿಯಲ್ಲಿ ಮೀನುಹೊಂಡ ಇಟ್ಟಿರುವ ಸಾಹೇಬರೊಬ್ಬರು ಗೆಳೆಯರು. ಅವರ ಹೊಂಡದ ಮರಿಗಳು ಬೆನ್ನು ಸೊಟ್ಟಗಾಗಿ ಸಾಯತೊಡಗಿದವು. ಕಾಕಾ ಒಂದು ಬಕೆಟ್ ಮರಿ ತಂದು ಮಾಳಿಗೆಯ ತೊಟ್ಟಿಗೆ ಬಿಟ್ಟು, "ಮೈಯಾಗ ಸತುವು, ಅಂದ್ರ ಜಿಂಕು, ಕಡಿಮಿ ಆಗ್ಯಾದ" ಎಂದು ತೀರ್ಪು ಕೊಟ್ಟರು.

"ಹಂಗಾರ ನೀರಾಗ ಸತುವಿನ ಪುಡಿ ಹಾಕೂದಲ್ರೀ ಭಾಯ್?" ಎಂದರು ಸಾಹೇಬರು.

"ಅದು ಸಾಲಂಗಿಲ್ಲ. ಪುಡಿ ನೀರುಚಿಗಟಕ್ಕ ತಿನ್ನಸಬೇಕು. ಚಿಗಟ ಮರಿ ತಿಂತದ."

"ಯಾ ಅಲ್ಲಾ! ಚಿಗಟಾನೇ ಮರೀನ ತಿಂದ್ರ ನನ್ನ ಗತಿ ಏನ್ರೀ?"

"ಹಂಗಲ್ರೀ! ಚಿಗಟಾನ್ನ ಮರಿ ತಿಂತದ!"

ನೀರುಚಿಗಟವೆಂದರೆ ಕೆರೆನೀರಿನಲ್ಲಿ ಕುಪ್ಪಳಿಸುವ, ಗಸಗಸೆಯಷ್ಟು ಸಣ್ಣ ಜೀವಿ. ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ನಾನು ಟೋಪಿಯಿಲ್ಲದೆಯೇ ಕೆರೆದುಕೊಂಡೆ.

ಚಿಗಟ ಹಿಡಿಯಲು ಕಾಕಾ ದೇವದುರ್ಗದ ಕಡೆಯ ಕೆರೆಗೆ ಹೋದರು. ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ: "ಕ್ಯಾನಿನ್ಯಾಗ ಏನದ್ರೀ ಯಪ್ಪಾ?"

"ಚಿಗಟ!"

ಅಷ್ಟೇ! ಅಕ್ಕಪಕ್ಕದವರೆಲ್ಲ ಮೈ ಕೆರೆದುಕೊಳ್ಳುತ್ತ ಎದ್ದು ಹಿಂದೆ ಸರಿದರು. ತುಂಬಿದ ಬಸ್ಸಿನಲ್ಲಿ ಕಾಕಾ ಮೂವರ ಸೀಟಿನ ಮೇಲೆ ಒಬ್ಬರೇ ಕಾಲು ಚಾಚಿ ರಾಯಚೂರು ಮುಟ್ಟಿದರು!

ಇನ್ನು ಸತುವು? ಡಾಕ್ಟರು ಕಾಕಾನ ಹೆಂಡತಿ ಕಾಕುಗೆ ಸತುವಿನ ಗುಳಿಗೆ ಬರೆದುಕೊಟ್ಟಿದ್ದರು. ಒಂದು ಬೆಳಿಗ್ಗೆ ಅವು ಮಾಯ!

"ನನ್ನ ಗುಳಿಗಿ ಎಲ್ಲಿಟ್ರೀ?"

"ಅರದು ಚಿಗಟಕ್ಕ ಹಾಕೀನಿ. ಅವು ತಿಂತಾವ, ಅವನ್ನ ಮೀನು ತಿಂತಾವ, ಆಗ ಮೀನಿಗೆ ಸತುವು ಸಿಗ್ತದ."

"ಹಂಗಾರ ಈಗ ನಾ ಯಾರ್ನ ತಿನ್ಲಿ?" ಎಂದರು ಕಾಕು.

ಕಾಕಾ ಔಷಧದಂಗಡಿಗೆ ನಡೆದರು.

ಇಷ್ಟಾದರೂ ಮರಿಗಳು ಸಾಯುತ್ತಲೇ ಇದ್ದವು. ಸತುವು ಚಿಗಟಕ್ಕೆ ಸೇರಿತೋ ಇಲ್ಲವೋ, ಮರಿಗಳು ಚಿಗಟವನ್ನು ಮುಟ್ಟಿದವೋ ಇಲ್ಲವೋ, ಈಗ ಕಾಕಾನಿಗೂ ತಿಳಿಯದು. ಮೊನ್ನೆ ನಾನು ಮಾಳಿಗೆ ಹತ್ತಿದಾಗ ತೊಟ್ಟಿಯಲ್ಲಿ ಬೆರಳೆಣಿಕೆಯಷ್ಟೇ ಮರಿಗಳು ಉಳಿದಿದ್ದವು. ಕಾಕಾ ಭೂತಗನ್ನಡಿಯನ್ನು ನನ್ನ ಕೈಗಿತ್ತರು.

"ನನ್ನ ಕಣ್ಣು ಮಂಜಾಗ್ಯಾವ, ನೀ ನೋಡು. ಮರಿ ಹೊಟ್ಯಾಗ ಕರೀ ಚುಕ್ಕಿ ಕಾಣ್ತದೇನು? ಚಿಗಟದ ಕಣ್ಣದು."

ಗಾಜಿನಂಥ ಪುಟ್ಟ ಹೊಟ್ಟೆಯೊಳಗೆ ಒಂದು ಚುಕ್ಕಿ.

"ಕಾಣ್ತದ ಕಾಕಾ."

"ಅಂದ್ರ ಉಂಡದ..." ಎಂದು ಅವರು ತೊಟ್ಟಿಯತ್ತ ಬಾಗಿದರು. "ಒಂದಾರ ಉಂಡದಲ್ಲ, ಸಾಕು."

ನನ್ನ ನೆರಳು ಬಿದ್ದು ಮರಿ ಬೆದರಬಾರದೆಂದು, ನಾನು ಸರಿದು ಅವರ ಪಕ್ಕ ಕುಳಿತೆ.