ಸೀಲು ಬಿದ್ದ ಅಭಿಪ್ರಾಯ

ಯೋಗಾನಂದನ ಕೈಗೆ ಕಾಗದ ಸಿಕ್ಕಿತೆಂದರೆ ಅದರ ಮೇಲೆ ಸೀಲು ಬಿದ್ದಂತೆಯೇ. ತರೀಕೆರೆಯ ಒಂದು ನಿಗಮದ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಬಂದ ಪತ್ರಕ್ಕೆಲ್ಲ ಸೀಲು ಹೊಡೆದು, ನಂಬರು ಹಾಕಿ, ಸಹಿ ಮಾಡುವುದೇ ಅವನ ಕೆಲಸ. ಸ್ವಂತ ಮಗಳ ಲಗ್ನಪತ್ರಿಕೆಗೂ ಸೀಲು ಹೊಡೆದ ಪುಣ್ಯಾತ್ಮ.

ಆ ದಿನ ಬೆಳಿಗ್ಗೆ ಸಂಘಮಿತ್ರಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದು, ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳ ಮ್ಯಾನೇಜರುಗಳ ನಾಯಕತ್ವ ಗುಣದ ಬಗ್ಗೆ ಒಂದು ಫಾರಂ ಹಂಚಿದಳು. "ಹೆಸ್ರು ಬರೀಬೇಡಿ ಸಾರ್. ಮನಸ್ಸಲ್ಲಿರೋದನ್ನ ಧೈರ್ಯವಾಗಿ ಬರೀರಿ."

ಯೋಗಾನಂದನ ಹೊಟ್ಟೆಯಲ್ಲಿ ಬೇಕಾದಷ್ಟು ಉರಿಯಿತ್ತು. ಸಖರಾಯಪಟ್ಟಣದಿಂದ ದಿನಾ ಮೂರು ಬಸ್ಸು ಹತ್ತಿಳಿದು ಬರುತ್ತಿದ್ದ ಅವನು ಕಡೂರಿಗೆ ವರ್ಗ ಕೇಳಿದ್ದ. ಆ ಅರ್ಜಿ ಮ್ಯಾನೇಜರ್ ತೀರ್ಥಪ್ಪನವರ ಮೇಜಿನ ಮೇಲೆ ಎಂಟು ತಿಂಗಳಿಂದ ಮಲಗಿತ್ತು. ಕೇಳಿದಾಗಲೆಲ್ಲ "ನೋಡೋಣ" ಅನ್ನುವುದೊಂದೇ ಉತ್ತರ. "ಫ್ಯಾನು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲೂ ಸಭೆ ಕರೆಯುತ್ತಾರೆ. ಊಟಕ್ಕೆ ಎಲ್ಲರಿಗಿಂತ ಮುಂದೆ, ಹೊಣೆಗೆ ಎಲ್ಲರಿಗಿಂತ ಹಿಂದೆ" ಎಂದು ಬರೆದುಕೊಟ್ಟು ಯೋಗಾನಂದ ಹಗುರಾದ.

ಟೀ ಹೊತ್ತಿಗೆ ಟೈಪಿಸ್ಟ್ ಯಶೋದಾ ಕೇಳಿದಳು. "ಹೆಸ್ರೇ ಬೇಡ ಅಂದಿದ್ರೆ ನೀವು ಸೀಲ್ ಹೊಡ್ದು ಸೈನ್ ಬೇರೆ ಹಾಕಿದ್ರಲ್ಲ, ಯಾಕ್ರೀ?"

ಟೀ ಪ್ಯಾಂಟಿನ ಮೇಲೆ ಬಿತ್ತು. "ಆ ಹುಡ್ಗಿ ಎಲ್ಲಿ?"

"ಅಜ್ಜಂಪುರದ ಎಣ್ಣೆ ಮಿಲ್ಲಿಗೆ ಹೋದ್ಲು. ಅಲ್ಲೂ ಹಿಂಗೇ ಬರೆಸ್ತಾಳಂತೆ. ಸಾಹೇಬ್ರ ಕಣ್ಣಿಗೆ ಅದೇನಾದ್ರೂ ಬಿದ್ರೆ ನಿಮ್ಮ ಕಡೂರು ಗೋವಿಂದ ಕಣ್ರೀ!"

ಬಸ್ಸು ಆಗಲೇ ಹೋಗಿತ್ತು. ಯೋಗಾನಂದ ಈರುಳ್ಳಿ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿ, ಮೂಟೆಗಳ ಮೇಲೆ ಕುಳಿತು ಹೊರಟ. ಒಡೆದ ಈರುಳ್ಳಿಯ ಘಾಟಿಗೆ ಅಜ್ಜಂಪುರ ಮುಟ್ಟುವಷ್ಟರಲ್ಲಿ ಕಣ್ಣು ಮೂಗು ಒಂದಾಗಿ ಸುರಿಯುತ್ತಿತ್ತು. ಮಿಲ್ಲಿನ ಬಾಗಿಲಲ್ಲಿ ಸಂಘಮಿತ್ರಾ ಸಿಕ್ಕಳು.

"ತಪ್ಪು ಬರೆದ್ಬಿಟ್ಟೆ ತಾಯಿ, ಬೇರೆ ಫಾರಂ ಕೊಡಮ್ಮ" ಎಂದು ಕೈಮುಗಿದ. ಹಳೆಯದನ್ನು ಹರಿದು ಚೂರು ಮಾಡಿ, ಹೊಸದರಲ್ಲಿ ಬರೆದ: "ತೀರ್ಥಪ್ಪನವರು ನಮಗೆ ತಂದೆ ಸಮಾನ. ಅವರಿಲ್ಲದ ಕಚೇರಿ ಕಂಬವಿಲ್ಲದ ಮನೆ."

ಸಂಜೆ ವಾಪಸು ಬಂದಾಗ ತೀರ್ಥಪ್ಪನವರೇ ಎದ್ದು ಬಂದು ಅವನ ಹೆಗಲು ಹಿಡಿದರು.

"ಬೆಳಿಗ್ಗೆ ನಿನ್ ಫಾರಂ ಓದ್ದೆ ಕಣಯ್ಯಾ. ನಮ್ಮಾಫೀಸಿನ ಯಾವ ಕಾಗ್ದ ನನ್ ಟೇಬಲ್ ದಾಟ್ದೆ ಹೊರಗೆ ಹೋಗಿದೆ?"

ಯೋಗಾನಂದ ಎರಡೂ ಕೈ ಮುಗಿದ.

"ಮೈಯೆಲ್ಲಾ ಉರಿದೋಯ್ತು. ಇವ್ನು ಮೊದ್ಲು ತೊಲಗ್ಲಿ ಅಂತ ನಿನ್ ಕಡೂರಿನ ಆರ್ಡರಿಗೆ ಆಗಿಂದಾಗ್ಲೇ ಸೈನ್ ಹಾಕ್ಬಿಟ್ಟೆ."

ಯೋಗಾನಂದನಿಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಆದರೆ ಸಾಹೇಬರ ಮಾತು ಮುಗಿದಿರಲಿಲ್ಲ.

"ಆಮೇಲೆ ಆ ಹುಡ್ಗಿ ಫೋನ್ ಮಾಡಿದ್ಲು. ನೀನು ಅಜ್ಜಂಪುರದ್ ತನಕ ಅತ್ಕೊಂಡೇ ಹೋದ್ಯಂತೆ, ಹಳೇದ್ನ ಹರಿದಾಕಿ ನಾನು ತಂದೆ ಸಮಾನ ಅಂತ ಬರ್ದ್ಯಂತೆ. ಇಂಥಾ ಲೀಡರ್‌ನ ಪ್ರೈವೇಟಲ್ಲೂ ಕಂಡಿಲ್ಲ ಸಾರ್ ಅಂದ್ಲು! ನಿನ್ನಂಥೋನ್ನ ಬಿಟ್ಕೊಡಕ್ಕಾಗುತ್ತೇನಯ್ಯಾ?" ತೀರ್ಥಪ್ಪ ಕಸದ ಬುಟ್ಟಿ ತೋರಿಸಿದರು. ಆರ್ಡರು ಎರಡು ತುಂಡಾಗಿ ಬಿದ್ದಿತ್ತು. "ನಾನು ರಿಟೈರ್ ಆಗೋವರ್ಗೂ ನೀನು ನನ್ ಜೊತೇಲೇ."

ಎಂಟು ತಿಂಗಳಿಂದ ಒಂದು ತೀರ್ಮಾನವನ್ನೂ ಮಾಡದವರು ಒಂದೇ ದಿನ ಎರಡು ಮಾಡಿಬಿಟ್ಟಿದ್ದರು.

"ತಾವು ರಿಟೈರ್ ಆಗೋದು ಯಾವಾಗ ಸಾರ್?" ಯೋಗಾನಂದ ಸಣ್ಣ ದನಿಯಲ್ಲಿ ಕೇಳಿದ.

ತೀರ್ಥಪ್ಪನವರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಇನ್ನೂ ಒಂಬತ್ತು ವರ್ಷ ಐತೆ, ಹೆದರ್ಬೇಡ!"